ಲಿಂಕೋಪಿಂಗಿನಲ್ಲಿ ತಂಗಿಯ ಕಾರು ತೊಳೆದದ್ದು

ಬೀದಿಯಲ್ಲಿ ಯಾರಾದರೂ ಕಾರು ತೊಳೆಯುತ್ತಿದ್ದರೆ ನಾನು ಇವತ್ತಿಗೂ ನಿಂತು ನೋಡುತ್ತೇನೆ. ಪೈಪು ಹಿಡಿದು ಸುಮ್ಮನೆ ನೀರು ಚಿಮ್ಮಿಸುವವರನ್ನು ಕಂಡರೆ ನನಗಾಗುವುದಿಲ್ಲ, ಮುಂದೆ ಹೋಗಿಬಿಡುತ್ತೇನೆ. ಬಕೆಟ್ಟು, ಚೊಂಬು, ಹಳೇ ಬನಿಯನ್ನು ಇಟ್ಟುಕೊಂಡು ಮಾಡುವವರಿದ್ದರೆ ಮಾತ್ರ ನಿಲ್ಲುತ್ತೇನೆ. ಒಮ್ಮೊಮ್ಮೆ ತಡೆಯಲಾರದೆ "ಚಕ್ರ ಕೊನೆಗೆ ತೊಳಿಯಪ್ಪಾ, ಆ ಬಟ್ಟೇಲೇ ಮತ್ತೆ ಬಾನೆಟ್ ಒರೆಸ್ತೀಯಲ್ಲ" ಅಂತ ಹೇಳಿಯೂ ಬಿಡುತ್ತೇನೆ. ಜೀವಮಾನವೆಲ್ಲ ಪಿ.ಟಿ. ಟೀಚರಾಗಿದ್ದವಳು ನಾನು. ಕುತ್ತಿಗೆಯಿಂದ ವಿಷಲ್ ತೆಗೆದಿಟ್ಟು ಎಷ್ಟು ವರ್ಷವಾದರೂ ಊದುವ ಚಾಳಿ ಹೋಗಿಲ್ಲ.

ನಮ್ಮಪ್ಪನದು ಅರಸೀಕೆರೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ. ಅಂಬಾಸಿಡರ್. ಬೆಳಗಿನ ರೈಲು ಬರುವ ಮುಂಚೆ ಅದಕ್ಕೆ ಸ್ನಾನವಾಗಲೇಬೇಕು. ತೊಳೆಯದ ಗಾಡಿಗೆ ಬೋಣಿ ಆಗಲ್ಲ ಅಂತ ಅವರ ನಂಬಿಕೆ. ನಲ್ಲಿಯಿಂದ ನೀರು ಹೊರುವವಳು ನಾನು. ನನಗಿಂತ ಎಂಟು ವರ್ಷ ಚಿಕ್ಕವಳಾದ ಸುಮಿಗೆ ಹೆಡ್‌ಲೈಟು, ಯಾಕೆಂದರೆ ಅವಳ ಕೈಗೆ ಎಟುಕುತ್ತಿದ್ದದ್ದು ಅಷ್ಟೇ. ಮೊದಲು ತಲೆ, ಆಮೇಲೆ ಬಾಗಿಲು, ಆಮೇಲೆ ಚಕ್ರ, ಕಟ್ಟಕಡೆಗೆ ಗಾಜಿಗೆ ಹಳೇ ಪೇಪರು. ಆಮೇಲೆ ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ. ಅಪ್ಪ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, "ನೋಡ್ರೇ ಹೆಂಗೆ ಕಾಣ್ತಾಳೆ" ಅನ್ನುತ್ತಿದ್ದರು. ಗಾಡಿಯನ್ನು ಅವರು ಯಾವತ್ತೂ ಹೆಣ್ಣಾಗಿಯೇ ಮಾತಾಡಿಸಿದ್ದು. ಅವಳನ್ನು ಓಡಿಸುವುದನ್ನು ಮಾತ್ರ ನಮಗಿಬ್ಬರಿಗೂ ಹೇಳಿಕೊಡಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಈಗ ನಾನು ಹೇಳಹೊರಟಿರುವುದು ಆ ಸುಮಿಯ ಕಾರನ್ನು ಸ್ವೀಡನ್ನಿನ ನಡುಚಳಿಗಾಲದಲ್ಲಿ ನಾನು ತೊಳೆದ ಕತೆ. ಎರಡು ಸಾವಿರದ ಆರೋ ಏಳೋ ಇರಬೇಕು.

ಲಿಂಕೋಪಿಂಗ್, ಮಾತಿಲ್ಲದ ಮನೆ

ಚಳಿಗಾಲದಲ್ಲಿ ಸ್ವೀಡನ್ನಿಗೆ ಯಾರಾದರೂ ಹೋಗ್ತಾರಾ ಅಂತ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ಜೂನಿನಲ್ಲಿ ಹೋಗಿ, ರಾತ್ರಿಯೇ ಆಗಲ್ವಂತೆ, ನೋಡಿಕೊಂಡು ಬನ್ನಿ ಅಂದರು. ನಾನು ಊರು ನೋಡಲು ಹೊರಟವಳಲ್ಲ. ಫೋನಿನಲ್ಲಿ ಸುಮಿಯ ದನಿ ನನಗೆ ಸರಿಬರುತ್ತಿರಲಿಲ್ಲ. "ಹ್ಞೂಂ ಅಕ್ಕಾ, ಚೆನ್ನಾಗಿದ್ದೀನಿ. ಊಟ ಆಯ್ತು. ಇಡ್ಲಾ?" ಇಷ್ಟೇ. ಇದೇ ಹುಡುಗಿಯ ಬಾಯಿಗೆ ಹೆದರಿ ಸಂತೆಯ ತರಕಾರಿಯವನು ಕೇಳುವ ಮೊದಲೇ ಎರಡು ಮೆಣಸಿನಕಾಯಿ ಜಾಸ್ತಿ ಹಾಕುತ್ತಿದ್ದ. ಹಾಸನದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಾಗ ಅವಳ ಕ್ಲಾಸು ಪಕ್ಕದ ಕಟ್ಟಡಕ್ಕೂ ಕೇಳಿಸುತ್ತಿತ್ತಂತೆ. ಅಂಥವಳು ಸ್ವೀಡನ್ನಿಗೆ ಹೋದ ಮೂರು ವರ್ಷದಲ್ಲಿ ಹೀಗಾದರೆ ಯಾವ ಅಕ್ಕ ಸುಮ್ಮನಿರುತ್ತಾಳೆ? ಗಳಿಕೆ ರಜೆ ಹಾಕಿ, ಯಜಮಾನರಿಗೆ ಒಂದು ಡಬ್ಬಿ ತುಂಬ ಚಟ್ನಿಪುಡಿ ಮಾಡಿಟ್ಟು, ವಿಮಾನ ಹತ್ತಿದೆ.

ಊರು ನೋಡಿದರೆ ಬೆಳ್ಳಗೆ, ಚೊಕ್ಕಟ, ಸದ್ದೇ ಇಲ್ಲ. ಬಸ್ಸಿನಲ್ಲಿ ಅಷ್ಟು ಜನ ಕೂತಿದ್ದರೂ ಯಾರೊಬ್ಬರೂ ಮಾತಾಡುವುದಿಲ್ಲ. ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಇರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಕತ್ತಲಾಗುತ್ತದೆ, ಮಧ್ಯಾಹ್ನದ ಕಾಫಿ ಲೋಟ ತೊಳೆಯುವಷ್ಟರಲ್ಲಿ ದೀಪ ಹಚ್ಚಬೇಕು. ನನಗೆ ಹಿಡಿಸಿದ್ದು ಒಂದೇ, ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡುತ್ತಾರೆ. ಅಷ್ಟರಮಟ್ಟಿಗೆ ನಮ್ಮವರೇ ಅಂದುಕೊಂಡೆ.

ಮನೆಯೊಳಗೂ ಅದೇ ಕತೆ. ಸುಮಿಯ ಗಂಡ ಪ್ರಕಾಶ ಇಂಜಿನಿಯರು, ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ಐದು ವರ್ಷದ ಅದಿತಿ ಡಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಾಳೆ. ನಾನು "ಏನು ತಿಂದೆ ಪುಟ್ಟಾ" ಅಂತ ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಏನೋ ಹೇಳಿ ಓಡಿಹೋಗುತ್ತಾಳೆ. ಉಳಿದ ಹೊತ್ತೆಲ್ಲ ಸುಮಿ ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಚುತ್ತಾಳೆ. ಮಡಚಿದ್ದನ್ನೇ ಮತ್ತೆ ಬಿಡಿಸಿ ಮಡಚುತ್ತಾಳೆ. ಮಾತೆಲ್ಲ ನನ್ನದೇ. ನನಗೇ ನನ್ನ ಗಂಟಲು ಸಾಕಾಗಿತ್ತು.

ಒಂದು ದಿನ ಬೇಳೆ ಆರಿಸುತ್ತಾ ಅವಳೇ ಬಾಯಿಬಿಟ್ಟಳು. ಊರಿಂದ ದೂರದ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಲ್ಯಾಬ್ ನೋಡಿಕೊಳ್ಳುವ ಕೆಲಸ. ಹೆಡ್‌ಮಾಸ್ಟರಿಗೆ ಇವಳು ಒಪ್ಪಿಗೆಯಾಗಿದ್ದಾಳೆ. ಆದರೆ ಅಲ್ಲಿಗೆ ಬೆಳಿಗ್ಗೆ ಹೋಗುವ ಬಸ್ಸು ಶಾಲೆಯ ಬೆಲ್ಲು ಹೊಡೆದ ಮೇಲೆ ಮುಟ್ಟುತ್ತದೆ. ಫೆಬ್ರವರಿಯ ರಜೆ ಮುಗಿಯುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ಆದರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು.

"ಆಗುತ್ತೆ ಬಿಡೇ, ಅದೇನು ದೊಡ್ಡ ವಿಷ್ಯ" ಅಂದೆ.

"ಎರಡು ಸಲ ಫೇಲಾಗಿದ್ದೀನಿ ಅಕ್ಕಾ."

ಮೊದಲ ಸಲ ಎಷ್ಟು ನಿಧಾನ ಓಡಿಸಿದಳೆಂದರೆ ಪರೀಕ್ಷೆ ಮಾಡುವವನು, ಅಮ್ಮಾ ನೀವು ದಾರಿಗೆ ಅಡ್ಡ ಅಂದನಂತೆ. ಎರಡನೇ ಸಲ ಒಂದು ಸರ್ಕಲ್ಲಿನಲ್ಲಿ ಬಂದವರಿಗೆಲ್ಲ ದಾರಿ ಬಿಡುತ್ತಾ ನಿಂತೇಬಿಟ್ಟಳಂತೆ. ಅರಸೀಕೆರೆ ಸಂತೆಯಲ್ಲಿ ಲೂನಾ ನುಗ್ಗಿಸಿಕೊಂಡು ಹೋಗುತ್ತಿದ್ದವಳು! ಹೆದರಿಕೆ ಗಾಡಿಯದಲ್ಲ. ಮೂರು ವರ್ಷ ಇನ್ನೊಬ್ಬರ ಭಾಷೆಯಲ್ಲಿ ತಪ್ಪು ಮಾತಾಡಿ ಮಾತಾಡಿ, ತಾನು ಮಾಡುವುದೆಲ್ಲ ತಪ್ಪೇ ಅನ್ನುವುದು ಅವಳ ಮೈಗೆ ಹತ್ತಿಬಿಟ್ಟಿತ್ತು.

ಮೂರನೇ ಪರೀಕ್ಷೆ ನಾನು ಬಂದ ಮೂರನೇ ವಾರಕ್ಕಿತ್ತು. ರಜೆ ಮುಗಿಯುವುದರೊಳಗೆ ಸಿಕ್ಕ ಕೊನೆಯ ಅವಕಾಶ ಅದು. ಆ ವಾರ ಪ್ರಕಾಶ ಕೆಲಸದ ಮೇಲೆ ಮಾಲ್ಮೋಗೆ ಹೋದ. ಒಳ್ಳೇದೇ ಆಯ್ತು ಅಂದುಕೊಂಡೆ. ಗಂಡ ಪಕ್ಕದಲ್ಲಿ ಕೂತು ಡ್ರೈವಿಂಗ್ ಹೇಳಿಕೊಡುವುದು ಅಂದರೆ ನೆಟ್ಟಗಿರುವ ಸಂಸಾರಕ್ಕೆ ಕೈಯಾರೆ ಬೆಂಕಿ ಇಟ್ಟ ಹಾಗೆ. ಅದಕ್ಕೇ ಸುಮಿಗೆ ಕಲಿಸುತ್ತಿದ್ದದ್ದು ಕೆಳಗಿನ ಮನೆಯ ಬಿರ್ಗಿಟ್ಟಾ. ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ತಮ್ಮ ಕಾರನ್ನು ಮಗಳಿಗೆ ಕೊಟ್ಟುಬಿಟ್ಟಿದ್ದರು. ಪಕ್ಕದಲ್ಲಿ ಕೂತು ಕಲಿಸಲು ಸರ್ಕಾರದ ಅನುಮತಿ ಪಡೆದುಕೊಂಡು, ಸುಮಿಯ ಕಾರಿನಲ್ಲೇ ವಾರಕ್ಕೆರಡು ಸಲ ಜೊತೆಗೆ ಹೋಗುತ್ತಿದ್ದರು. ಮಾತು ಎಣಿಸಿ ಆಡುವ ಹೆಂಗಸು. ನನ್ನನ್ನು ಕಂಡಾಗಲೆಲ್ಲ ಅಲ್ಲಿಯ ನಮಸ್ಕಾರದಂತೆ "ಹೇಯ್" ಅನ್ನುತ್ತಿದ್ದರು, ನಾನೂ "ಹೇಯ್" ಅನ್ನುತ್ತಿದ್ದೆ. ಅಲ್ಲಿಗೆ ನಮ್ಮ ಮಾತುಕತೆ ಮುಗಿಯುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ, ಪಾರ್ಕಿಂಗ್ ಜಾಗ

ಕಾರು ನೋಡಿದರೆ ನನಗೆ ಅಳು ಬರುವಂತಿತ್ತು. ಹಿಮ ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು, ಕೆಸರು, ಹಿಮ ಎಲ್ಲ ಸೇರಿ ಸುಮಿಯ ನೀಲಿ ಕಾರು ಬೂದಿ ಬಳಿದುಕೊಂಡ ಬೈರಾಗಿಯಾಗಿತ್ತು. ಹಿಂದಿನ ನಂಬರು ಪ್ಲೇಟಿನಲ್ಲಿ ಒಂದಕ್ಷರವೂ ಓದಲಾಗುತ್ತಿರಲಿಲ್ಲ. ಹಿಂದಿನ ದಿನವೇ ಪೆಟ್ರೋಲ್ ಬಂಕಿನ ತೊಳೆಯುವ ಮಿಷಿನ್ನಿಗೆ ಹೋಗಿದ್ದೆವು. ಚಳಿ ಜಾಸ್ತಿ, ಮಿಷಿನ್ನು ನಡೆಸುವುದಿಲ್ಲ ಅಂತ ಬೋರ್ಡು ಹಾಕಿದ್ದರು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿತ್ತು.

"ಪರವಾಗಿಲ್ಲ ಅಕ್ಕಾ. ಲೈಟು, ಗಾಜು, ನಂಬರ್ ಪ್ಲೇಟ್ ಒರೆಸಿದ್ರೆ ಸಾಕು. ಇಲ್ಲಿ ಎಲ್ಲರ ಕಾರೂ ಹೀಗೇ ಇರುತ್ತೆ" ಅಂದಳು ಸುಮಿ.

ಆ ಬೆಳಿಗ್ಗೆ ಅವಳ ಮುಖ ಬಿಳಿಚಿಕೊಂಡಿತ್ತು. ಉಪ್ಪಿಟ್ಟು ಮಾಡಿದ್ದೆ, ಒಂದು ಚಮಚ ತಿಂದು ತಟ್ಟೆ ಪಕ್ಕಕ್ಕೆ ಸರಿಸಿದಳು. "ಈ ಸಲಾನೂ ಆಗಲ್ಲ ಅನ್ಸುತ್ತೆ" ಅಂದಳು, ನನಗಲ್ಲ, ತಟ್ಟೆಗೆ. ಆಮೇಲೆ ಅದಿತಿಗೆ ದಪ್ಪ ಬಟ್ಟೆ ತೊಡಿಸಿ, ಡಾಗಿಸ್‌ಗೆ ಬಿಟ್ಟು ಬರಲು ನಡೆದುಕೊಂಡು ಹೋದಳು.

ಮನೆಯಲ್ಲಿ ನಾನೊಬ್ಬಳೇ. ಕಿಟಕಿಯಿಂದ ಕೆಳಗೆ ಆ ಕೊಳಕು ಗಾಡಿ ಕಾಣಿಸುತ್ತಿತ್ತು. ನನ್ನ ತಂಗಿ ಅದರಲ್ಲಿ ಪರೀಕ್ಷೆಗೆ ಹೋಗುವುದಾ? ನಮ್ಮಪ್ಪ ಇದ್ದಿದ್ದರೆ ಬಿಡುತ್ತಿದ್ದರಾ? ಅದೆಲ್ಲಿತ್ತೋ ಹುರುಪು, ಎದ್ದುಬಿಟ್ಟೆ.

ಒಳಗೆರಡು ಉಣ್ಣೆಯ ಬಟ್ಟೆ, ಮೇಲೆ ಸೀರೆ, ಅದರ ಮೇಲೆ ಪ್ರಕಾಶನ ಹಳೇ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು. ನೆಲ ಒರೆಸುವ ಬಕೆಟ್ಟು, ಅದಿತಿಯ ಸ್ನಾನದ ಟಬ್ಬು ಸಿಕ್ಕವು. ಚೊಂಬಿಲ್ಲ, ಹಿಟ್ಟು ಅಳೆಯುವ ಪ್ಲಾಸ್ಟಿಕ್ ಜಗ್ಗು ತಗೊಂಡೆ. ತಣ್ಣೀರು ಹಾಕಿದರೆ ಹೆಪ್ಪುಗಟ್ಟುತ್ತದೆ ಅನ್ನುವಷ್ಟು ಬುದ್ಧಿ ನನಗೂ ಇತ್ತು, ಏನು ತಿಳಿದಿದ್ದೀರಿ? ಅದಕ್ಕೇ ಬಿಸಿಬಿಸಿ ನೀರು ತುಂಬಿ, ಒಂದಿಷ್ಟು ಶಾಂಪೂ ಹಾಕಿ, ಮೆಟ್ಟಿಲಿಳಿದು ಹೊತ್ತುಕೊಂಡು ಹೋದೆ. ಒಟ್ಟು ನಾಲ್ಕೈದು ಸಲ ಹತ್ತಿಳಿದಿರಬೇಕು.

ಮೊದಲ ಜಗ್ಗು ತಲೆಯ ಮೇಲೆ ಸುರಿದಾಗ ಎದ್ದ ಹಬೆ ನೋಡಬೇಕಿತ್ತು! ನಮ್ಮ ಹಳೇ ಮನೆಯ ಬಚ್ಚಲಿನಲ್ಲಿ ದೀಪಾವಳಿಯ ಬೆಳಿಗ್ಗೆ ಏಳುತ್ತಿತ್ತಲ್ಲ, ಹಾಗೆ. ನನಗೆ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಅಪ್ಪ ಬಾಗಿಲ ಸಂದಿಗೆ ಬೆರಳು ತೂರಿಸಿ ಮಣ್ಣು ತೆಗೆಯುತ್ತಿದ್ದದ್ದು, ಸುಮಿ ಹೆಡ್‌ಲೈಟಿನಲ್ಲಿ ತನ್ನ ಮುಖ ನೋಡಿಕೊಂಡು ನಾಲಿಗೆ ಚಾಚುತ್ತಿದ್ದದ್ದು, ರೈಲಿನ ಕೂಗು ಕೇಳಿ ಅಪ್ಪ "ಬಂತು ಬಂತು, ಬೇಗ ಕಣ್ರೇ" ಅಂತ ಗಡಬಡಿಸುತ್ತಿದ್ದದ್ದು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಲೆ, ಬಾಗಿಲು, ಸಂದಿ, ಹಿಡಿಕೆ, ಚಕ್ರ. ಚಕ್ರದ ಒಳಗೆ ಎರಡು ಜಗ್ಗು ಜಾಸ್ತಿಯೇ ಹುಯ್ದೆ, ಉಪ್ಪು ತಿಂದ ಕಬ್ಬಿಣ ತುಕ್ಕು ಹಿಡಿಯುತ್ತದಲ್ಲ ಅಂತ. ಬೆರಳು ಮರಗಟ್ಟಿ ನೋವೂ ಗೊತ್ತಾಗುತ್ತಿರಲಿಲ್ಲ. ಮೂಗು ಸೋರುತ್ತಿತ್ತು, ಅದು ಚಳಿಗೋ ಅಪ್ಪನ ನೆನಪಿಗೋ ಈಗ ಹೇಳಲಾರೆ.

ಅಷ್ಟು ಹೊತ್ತಿನಲ್ಲಿ ಮೂವರು ನನ್ನನ್ನು ದಾಟಿಕೊಂಡು ಹೋದರು. ನಾಯಿ ಹಿಡಿದ ಒಬ್ಬ ಗಂಡಸು, ಸೈಕಲ್ಲಿನ ಒಬ್ಬ ಹುಡುಗಿ, ಕಸ ಹಾಕಲು ಬಂದ ಬಿರ್ಗಿಟ್ಟಾ. ಮೂವರೂ ನಿಂತರು, ನೋಡಿದರು, ಮುಗುಳ್ನಕ್ಕು "ಹೇಯ್" ಅಂದರು, ಹೋದರು. ಒಬ್ಬರೂ ಒಂದು ಮಾತು ಹೇಳಲಿಲ್ಲ. ನಮ್ಮ ಬೀದಿಯಲ್ಲಾಗಿದ್ದರೆ ಮೊದಲ ಚೊಂಬಿಗೇ ಹತ್ತು ಜನ ಸೇರಿ "ಏನಮ್ಮಾ ನಿಂಗೆ ತಲೆಗಿಲೆ ಕೆಟ್ಟಿದ್ಯಾ" ಅಂತ ಬಕೆಟ್ಟು ಕಿತ್ತುಕೊಳ್ಳುತ್ತಿದ್ದರು.

ಗಾಜಿಗೆ ಉಗುರುಬೆಚ್ಚಗಿನ ನೀರು ಹಾಕಿ ಪೇಪರಿನಲ್ಲಿ ಉಜ್ಜಿದೆ. ಆ ಗಾಜು ಬಿರುಕು ಬಿಡದೇ ಉಳಿದದ್ದು ನಮ್ಮಪ್ಪನ ಪುಣ್ಯ. ಹಿಂದೆ ಸರಿದು ನೋಡಿದರೆ ಏನು ಹೊಳಪು ಅಂತೀರಿ! ಶೋರೂಮಿನಿಂದ ಈಗ ತಾನೇ ಇಳಿಸಿದ ಹಾಗೆ ಫಳಫಳ ಅನ್ನುತ್ತಿದೆ. ಎಷ್ಟು ಚೆನ್ನಾಗಿ ತೊಳೆದಿದ್ದೇನೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದೇವರ ಮುಂದಿನ ಅರಿಶಿನ ಕುಂಕುಮ ತಂದು ಬಾನೆಟ್ಟಿಗೆ ಹಚ್ಚಿ, ಮುಂದಿನ ಚಕ್ರದ ಕೆಳಗೆ ಒಂದು ನಿಂಬೆಹಣ್ಣು ಇಟ್ಟೆ.

ಫ್ರಿಜ್ಜಿನಲ್ಲಿ ಅದೊಂದೇ ನಿಂಬೆಹಣ್ಣು ಇತ್ತು.

ಡಿಕ್ಕಿಯ ದಾರಿ

ಸುಮಿ ದೂರದಿಂದಲೇ ನೋಡಿ ಓಡಿಬಂದಳು. ಹತ್ತಿರ ಬರುತ್ತಿದ್ದ ಹಾಗೇ ಕಾಲು ಜಾರಿ ಧೊಪ್ಪಂತ ಕೂತಳು. ನಾನು ಸುರಿದ ನೀರೆಲ್ಲ ಕಾರಿನ ಸುತ್ತ ಗಾಜಿನ ಹಾಸಾಗಿತ್ತು. ಎದ್ದು ಬಾಗಿಲ ಹಿಡಿಕೆ ಎಳೆದಳು. ಬರಲಿಲ್ಲ. ಆಚೆ ಬಾಗಿಲು ಎಳೆದಳು. ಅದೂ ಬರಲಿಲ್ಲ. ಬೀಗದ ಕಿಂಡಿಗೆ ಕೀ ತೂರುತ್ತಿಲ್ಲ. ನಾನು ಹೊಳಪು ಅಂದುಕೊಂಡದ್ದು ಹೊಳಪಲ್ಲ, ಗಾಡಿಯ ಮೈತುಂಬ ಮಂಜುಗಡ್ಡೆ. ಬಾಗಿಲ ಸಂದಿಯ ರಬ್ಬರಿನೊಳಗೆಲ್ಲ ನೀರು ಹೊಕ್ಕು ಕಲ್ಲಾಗಿತ್ತು.

"ಬಿಸಿನೀರು ಕಣೇ ಹಾಕಿದ್ದು" ಅಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

ಅವಳು ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು ನೋಡಿ, ಅಯ್ಯೋ ಶಿವನೇ!

"ಏನ್ ಮಾಡಿದ್ದೀಯ ಅಕ್ಕಾ ನೀನು! ಬುದ್ಧಿಗಿದ್ಧಿ ಇದ್ಯಾ? ಮೈನಸ್ ಹನ್ನೆರಡರಲ್ಲಿ ನೀರು ಹುಯ್ತಾರಾ ಯಾರಾದ್ರೂ? ಇದೇನು ಅರಸೀಕೆರೆ ಸ್ಟೇಷನ್ನಾ? ಊರಿಗೆಲ್ಲ ವಿಷಲ್ ಊದ್ಕೊಂಡು ಬುದ್ಧಿ ಹೇಳ್ತೀಯ, ಒಂದ್ಸಲ ನನ್ನ ಕೇಳಕ್ಕೇನಾಗಿತ್ತು ನಿಂಗೆ? ನನ್ನ ಟೆಸ್ಟು! ನನ್ನ ಕೆಲ್ಸ! ಎಲ್ಲ ಹೋಯ್ತಲ್ಲೇ ಅಕ್ಕಾ!"

ಮೂರು ಮಹಡಿಯ ಕಿಟಕಿಗಳಲ್ಲೂ ಪರದೆ ಸರಿದವು. ನಾನು ತಲೆ ತಗ್ಗಿಸಿ ನಿಂತಿದ್ದೆ. ಕಣ್ಣಲ್ಲಿ ನೀರು ತುಂಬಿತ್ತು, ತಂಗಿಯ ಬದುಕಿಗೆ ನಾನೇ ಕಲ್ಲು ಹಾಕಿದೆನಲ್ಲ ಅಂತ. ಆದರೆ ಆ ಸಂಕಟದ ನಡುವೆಯೂ ಒಂದು ವಿಷಯ ನನ್ನ ಕಿವಿಗೆ ಬಿದ್ದಿತ್ತು. ಮೂರು ವಾರದಲ್ಲಿ ಮೊದಲ ಸಲ ನನ್ನ ತಂಗಿಯ ಗಂಟಲು ಕೇಳಿಸಿತ್ತು.

ಬಿರ್ಗಿಟ್ಟಾ ಹೊರಗೆ ಬಂದರು. ಈ ಸಲ "ಹೇಯ್" ಅನ್ನಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ತಮ್ಮ ಮನೆಯ ಕಿಟಕಿಯಿಂದ ಉದ್ದನೆಯ ವೈರು ಎಳೆದು, ಕೂದಲು ಒಣಗಿಸುವ ಡ್ರೈಯರು ತಂದರು. ಪಾರ್ಕಿಂಗ್ ಮೂಲೆಯ ಪೆಟ್ಟಿಗೆಯಿಂದ ಜಲ್ಲಿಪುಡಿ ತೆಗೆದು ನೆಲಕ್ಕೆ ಹಾಕಿದರು. ಬಾಗಿಲುಗಳು ಜಪ್ಪಯ್ಯ ಅನ್ನಲಿಲ್ಲ. ಹೊತ್ತಾಗುತ್ತಿತ್ತು. ಆಗ ಬಿರ್ಗಿಟ್ಟಾ ಡಿಕ್ಕಿಯ ಬಾಗಿಲಿನ ಬೀಗಕ್ಕೆ ಬಿಸಿಗಾಳಿ ಹಿಡಿದರು. ಕೀ ತಿರುಗಿತು. ಅಂಚಿನ ಸುತ್ತ ಮುಷ್ಟಿಯಿಂದ ಗುದ್ದಿದರು. ಅದು ಚಟಚಟ ಅಂತ ಮೇಲೆದ್ದಿತು.

ಪರೀಕ್ಷೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಕೋಟು ಹಾಕಿಕೊಂಡಿದ್ದ ನನ್ನ ತಂಗಿ, ಕೆಮಿಸ್ಟ್ರಿ ಲೆಕ್ಚರರು, ಡಿಕ್ಕಿಯೊಳಗೆ ತೆವಳಿ, ಅದಿತಿಯ ಸೀಟಿನ ಮೇಲಿಂದ ಹಾರಿ, ಮುಂದಿನ ಸೀಟಿಗೆ ಬಿದ್ದಳು. ಬೀಳುವಾಗಲೂ ಬೈಯುತ್ತಿದ್ದಳು. ಎಂಜಿನ್ನು ಹಾಕಿ, ಹೀಟರು ಹಾಕಿ, ಒಳಗಿನಿಂದ ಬಾಗಿಲನ್ನು ಕಾಲಿನಲ್ಲಿ ಒದ್ದಳು. ಮೂರನೇ ಒದೆತಕ್ಕೆ ತೆರೆಯಿತು. ಅಲ್ಲಿಗೂ ಮುಗಿಯಲಿಲ್ಲ. ಇಳಿಜಾರು ಅಂತ ಹಿಂದಿನ ದಿನ ಅವಳು ಹ್ಯಾಂಡ್‌ಬ್ರೇಕು ಎಳೆದಿಟ್ಟಿದ್ದಳು, ನಾನು ಚಕ್ರದೊಳಕ್ಕೆ ಹುಯ್ದ ನೀರು ಅದನ್ನೂ ಹಿಡಿದುಕೊಂಡಿತ್ತು. ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ ಅಂತ ಬಿರ್ಗಿಟ್ಟಾ ಕೈಯಲ್ಲೇ ತೋರಿಸಿದರು. ಗಾಡಿ ನಾಲ್ಕು ಸಲ ಅತ್ತಿತ್ತ ಓಲಾಡಿ, ಟಪ್ ಅಂತ ಬಿಟ್ಟುಕೊಂಡಿತು. ಅದರ ಜೊತೆಗೆ ನನ್ನ ನಿಂಬೆಹಣ್ಣೂ ಪಚಕ್ ಅಂತು.

"ಹತ್ತು!" ಅಂತ ಸುಮಿ ನನ್ನ ಮೇಲೆ ಕಿರುಚಿದಳು. ಸದ್ದಿಲ್ಲದೆ ಹಿಂದೆ ಹತ್ತಿ ಕೂತೆ.

ಕಾಯುವ ಕೋಣೆ

ದಾರಿಯುದ್ದಕ್ಕೂ ಅವಳ ಸಿಟ್ಟು ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಬಿರ್ಗಿಟ್ಟಾಗೂ ಉಸಿರೆತ್ತುವ ಧೈರ್ಯವಿರಲಿಲ್ಲ ಅಂತ ಕಾಣುತ್ತದೆ. ಗೇರು ಹಾಕುವುದೂ ಸಿಟ್ಟಿನಲ್ಲೇ, ತಿರುಗಿಸುವುದೂ ಸಿಟ್ಟಿನಲ್ಲೇ. ಒಂದು ಸರ್ಕಲ್ಲು ಬಂತು. ಎಡಕ್ಕೆ ನೋಡಿದಳು, ದಾರಿಯಿತ್ತು, ಹೊರಟೇಬಿಟ್ಟಳು. ಬಿರ್ಗಿಟ್ಟಾ ಹಿಂದೆ ತಿರುಗಿ ನನ್ನನ್ನು ನೋಡಿ ಹುಬ್ಬೇರಿಸಿದರು.

ಪರೀಕ್ಷೆಯ ಅಂಗಳದಲ್ಲಿ ನಿಂತಿದ್ದ ಕಾರುಗಳೆಲ್ಲ ಬೂದಿಯ ಬಣ್ಣ, ನಮ್ಮದೊಂದೇ ನೀಲಿ. ಇನ್ಸ್‌ಪೆಕ್ಟರು ಎತ್ತರದ ಗಂಡಸು, ಕಿವಿ ಮುಚ್ಚುವ ಟೋಪಿ. ಬಾನೆಟ್ಟಿನ ಅರಿಶಿನ ಕುಂಕುಮವನ್ನು ಬಗ್ಗಿ ನೋಡಿ, ಏನೋ ಕೇಳಿದರು. ಸುಮಿ ಏನೋ ಹೇಳಿದಳು. ಇಬ್ಬರೂ ಹತ್ತಿದರು. ಗಾಡಿ ಹೊರಟ ಮರುಕ್ಷಣವೇ ಗಕ್ಕನೆ ನಿಂತಿತು. ಮತ್ತೆ ಹೊರಟು, ಮತ್ತೆ ನಿಂತಿತು. ಮುಗೀತು, ಗಾಡಿಯೇ ಕೆಟ್ಟಿತು ಅಂದುಕೊಂಡೆ. ಆದರೆ ಮೂರನೇ ಸಲ ನಿಲ್ಲದೆ ಗೇಟು ದಾಟಿ ಹೋಯಿತು.

ಕೋಣೆಯಲ್ಲಿ ಬಿರ್ಗಿಟ್ಟಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಏಲಕ್ಕಿ ಬನ್ನು ಕೊಟ್ಟರು. ಜಗತ್ತೇ ಮುಳುಗುತ್ತಿದ್ದರೂ ಈ ಜನ ಫೀಕಾ ಅನ್ನುವ ಕಾಫಿ-ತಿಂಡಿ ಬಿಡುವವರಲ್ಲ. ನಮ್ಮಿಬ್ಬರ ಇಂಗ್ಲಿಷೂ ಅರೆಬರೆ. ಇಬ್ಬರೂ ಟೀಚರುಗಳಾದ್ದರಿಂದ ಹೇಗೋ ನಡೆಯಿತು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ನೀವು ಕಸ ಹಾಕೋಕೆ ಬಂದಾಗ ನೋಡಿದ್ರಲ್ಲ, ಯಾಕೆ ನನ್ನ ತಡೀಲಿಲ್ಲ?"

ಅವರು ಲೋಟ ಕೆಳಗಿಟ್ಟು, ನಿಧಾನವಾಗಿ ಹೇಳಿದರು. ಹಬೆಯ ನಡುವೆ ನಾನು ಸೀರೆಯುಟ್ಟು ನಿಂತಿದ್ದೆನಂತೆ. ಬಾಯಲ್ಲಿ ಏನೋ ಗುನುಗುತ್ತಿದ್ದೆನಂತೆ, ಕಣ್ಣಲ್ಲಿ ನೀರಿತ್ತಂತೆ. "ನಿಮ್ಮ ಧರ್ಮದ ಆಚರಣೆ ಅಂದುಕೊಂಡೆ. ನಡುವೆ ಮಾತಾಡಿಸಬಾರದು ಅನ್ನಿಸಿತು. ಪಕ್ಕದ ಮನೆಯವರಿಗೂ ಹಾಗೇ ಹೇಳಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಚರಣೆ ಅಂದರೆ ಆಚರಣೆಯೇ ಅಲ್ಲವಾ? ನಮ್ಮಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು, ತೊಳೆಯದೆ ಹೊರಡುತ್ತಿರಲಿಲ್ಲ ಅಂತ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಬಹಳ ಮೆತ್ತಗೆ, ಹೆಡ್‌ಮಿಸ್ಟ್ರೆಸ್ಸಿನ ದನಿಯಲ್ಲಿ, ಇಲ್ಲಿ ರಸ್ತೆಯಲ್ಲಿ ಕಾರು ತೊಳೆಯಬಾರದು, ಆ ಕೊಳೆ ನೀರು ಕೆರೆಗೆ ಸೇರುತ್ತದೆ ಅಂತಲೂ ಹೇಳಿದರು. ಸರಿ ಟೀಚರ್ ಅಂದೆ.

ಆಮೇಲೆ ಇಬ್ಬರೂ ಗೇಟಿನ ಕಡೆಯೇ ನೋಡುತ್ತಾ ಕೂತೆವು. ಹೋದ ಎರಡು ಸಲ ಎಷ್ಟು ಹೊತ್ತಾಗಿತ್ತು ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಇವಳು ಫೇಲಾದರೆ ನಾನು ಯಾವ ಮುಖ ಹೊತ್ತು ವಿಮಾನ ಹತ್ತಲಿ? ಮತ್ತೆ ಅದೇ ಕಿಟಕಿ, ಅದೇ ಬಟ್ಟೆ ಮಡಚುವುದು, ಅದೇ "ಇಡ್ಲಾ ಅಕ್ಕಾ". ನಮ್ಮ ಶಾಲೆಯ ಮಕ್ಕಳು ರಿಲೇ ಓಡುವಾಗಲೂ ನಾನು ಇಷ್ಟು ದೇವರುಗಳನ್ನು ಕರೆದವಳಲ್ಲ.

ಕಾರು ಒಳಗೆ ಬಂತು. ನಿಂತಿತು. ಇಬ್ಬರೂ ಇಳಿಯಲಿಲ್ಲ. ಗಾಜಿನಾಚೆ ಇನ್ಸ್‌ಪೆಕ್ಟರು ಏನೋ ಹೇಳುತ್ತಲೇ ಇದ್ದರು, ಸುಮಿ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದಳು. ಆಮೇಲೆ ಅವರು ಕೈ ನೀಡಿದರು. ಇವಳು ಆ ಕೈಯನ್ನು ಎರಡು ಕೈಯಲ್ಲೂ ಹಿಡಿದು ಅಲುಗಾಡಿಸಿದಳು. ಬಿರ್ಗಿಟ್ಟಾ ಎದ್ದು ನಿಂತು, ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಮೂರು ವಾರದಲ್ಲಿ ಆ ದೇಶದಲ್ಲಿ ಹೊರಗಿನವರೊಬ್ಬರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಊರಾಚೆ

ಪಾಸಾದವರು ಆ ಕ್ಷಣದಿಂದಲೇ ಗಾಡಿ ಓಡಿಸಬಹುದು, ಪಕ್ಕದಲ್ಲಿ ಯಾರೂ ಬೇಕಿಲ್ಲ. ಬಿರ್ಗಿಟ್ಟಾ ನಮ್ಮ ಜೊತೆ ಹತ್ತಲಿಲ್ಲ. ಬಸ್ಸಿದೆ, ನೀವಿಬ್ಬರೇ ಹೋಗಿ ಅಂದರು. ಎಷ್ಟು ಕರೆದರೂ ಬರದೆ, ಫ್ಲಾಸ್ಕು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು.

ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ.

"ಮುಂದೆ ಕೂತ್ಕೋ" ಅಂದಳು ಸುಮಿ. ಇನ್ನೂ ಗಡುಸಾಗಿಯೇ ಇತ್ತು ದನಿ. ಕೂತೆ. ಮನೆಯ ಕಡೆ ತಿರುಗಬೇಕಾದ ಕಡೆ ಅವಳು ತಿರುಗಲಿಲ್ಲ.

"ಎಲ್ಲಿಗೇ?"

"ಸ್ಕೂಲು ತೋರಿಸ್ತೀನಿ ಬಾ."

ಊರು ದಾಟುತ್ತಿದ್ದ ಹಾಗೆ ಅವಳ ಬಾಯಿ ಬಿಚ್ಚಿತು. ಪರೀಕ್ಷೆಯ ಅಂಗಳದಲ್ಲಿ ಗಾಡಿ ಎರಡು ಸಲ ಯಾಕೆ ನಿಂತಿತು ಗೊತ್ತಾ? ಅವಳೇ ನಿಲ್ಲಿಸಿದ್ದಂತೆ. "ಬೆಳಿಗ್ಗೆ ಗಾಡಿ ತೊಳೆದಿದೆ, ಬ್ರೇಕಿನಲ್ಲಿ ಐಸ್ ಇರಬಹುದು, ರಸ್ತೆಗಿಳಿಯೋಕೆ ಮುಂಚೆ ಇಲ್ಲೇ ಪರೀಕ್ಷೆ ಮಾಡ್ತೀನಿ ಅಂದೆ. ಅವರು ಕೇಳೋಕೆ ಮುಂಚೆ ನಾನೇ ಹೇಳ್ದೆ ಅಕ್ಕಾ! ಅವರಿಗೆ ಅದೇ ಹಿಡಿಸಿಬಿಡ್ತು." ಆಮೇಲೆ ಎಲ್ಲಿ ತಿರುಗಿಸಿದಳು, ಸೈಕಲ್ಲಿನವನು ಹೇಗೆ ಅಡ್ಡ ಬಂದ, ಹೇಗೆ ಬಿಟ್ಟಳು, ಲಾರಿ ಹಿಂದೆ ಹೇಗೆ ಹೋದಳು. "ಹೆದರಿಕೆ ಆಗ್ಲಿಲ್ವಾ?" ಅಂದೆ. "ಹೆದರೋಕೆ ಪುರಸೊತ್ತೆಲ್ಲಿತ್ತು? ಮನೆಗೆ ಹೋಗಿ ನಿಂಗೆ ಇನ್ನೂ ಏನೇನು ಬೈಬೇಕು ಅಂತ ಯೋಚ್ನೆ ಮಾಡ್ತಿದ್ದೆ" ಅಂದಳು. ಅಷ್ಟಕ್ಕೆ ನಿಲ್ಲಲಿಲ್ಲ. ಪ್ರಕಾಶನ ಗೊರಕೆ, ಡಾಗಿಸ್‌ನ ಟೀಚರಮ್ಮ, ಶಾಲೆಯ ಲ್ಯಾಬಿನಲ್ಲಿ ಏನೇನಿದೆ, ಏನೇನಿಲ್ಲ, ಮಕ್ಕಳಿಗೆ ಮೊದಲ ದಿನ ಯಾವ ಬಣ್ಣ ಬದಲಾಯಿಸಿ ತೋರಿಸಬೇಕು. ಮೂರು ವರ್ಷದ್ದು ಒಟ್ಟಿಗೇ ಬಂತು. ನನಗೆ ನಡುವೆ ಒಂದು ಮಾತು ತೂರಿಸಲು ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಸಂತೋಷವಾಗಿದ್ದೆ.

ಶಾಲೆ ಕೆಂಪು ಹಲಗೆಯ ಪುಟ್ಟ ಕಟ್ಟಡ. ರಜೆ, ಬಾಗಿಲು ಹಾಕಿತ್ತು. ಇಳಿಯದೇ ನೋಡಿಕೊಂಡು ತಿರುಗಿಸಿದೆವು. ವಾಪಸು ಬರುವಾಗ ಒಂದು ಕಡೆ ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಎರಡೂ ಕಡೆ ಕಣ್ಣು ಹಾಯುವವರೆಗೆ ಹಿಮದ ಹೊಲ. ಒಂದು ನರಪಿಳ್ಳೆಯಿಲ್ಲ.

"ಅಕ್ಕಾ."

"ಏನೇ?"

"ಮೂರು ವರ್ಷ ಆಯ್ತು ಈ ದೇಶಕ್ಕೆ ಬಂದು. ಒಂದು ದಿನ ಸರಿಯಾಗಿ ಒಂದು ಹಾರ್ನ್ ಕೇಳಿಲ್ಲ ನಾನು."

ಹೌದಲ್ಲ ಅನ್ನಿಸಿತು. ನಾನೂ ಕೇಳಿರಲಿಲ್ಲ.

"ಹೊಡೀಲಾ?" ಅಂದಳು, ಥೇಟ್ ಆರು ವರ್ಷದವಳ ಮುಖ ಮಾಡಿಕೊಂಡು.

"ಹೊಡಿ. ಯಾರಿದ್ದಾರೆ ಇಲ್ಲಿ ಕೇಳೋಕೆ?"

ಎರಡೂ ಅಂಗೈ ಇಟ್ಟು ಒತ್ತಿದಳು. ಒತ್ತೇ ಒತ್ತಿದಳು. ಅಷ್ಟು ದೊಡ್ಡ ಬಯಲಿನಲ್ಲಿ ಆ ಸದ್ದು ಹೋಗಿ ಹೋಗಿ ಎಲ್ಲಿ ಮುಟ್ಟಿತೋ. ದೂರದ ಮರಗಳ ಹತ್ತಿರ ಎರಡು ಜಿಂಕೆ ತಲೆಯೆತ್ತಿ ನಮ್ಮ ಕಡೆ ನೋಡಿದವು. ಅವಳು ಕೈ ತೆಗೆದಾಗ ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆಯಾಗಿತ್ತು. ನನಗೂ ತಡೆಯಲಿಲ್ಲ. ನಾನೂ ಒಂದ್ಸಲ ಹೊಡೀತೀನಿ ಅಂತ ಸ್ಟೇರಿಂಗಿನ ಕಡೆ ಕೈ ಚಾಚಿದೆ.

ಫಟಾರಂತ ನನ್ನ ಕೈಮೇಲೆ ಒಂದು ಕೊಟ್ಟಳು.

"ಮುಟ್ಬೇಡ" ಅಂದಳು ನನ್ನ ತಂಗಿ. "ಡ್ರೈವರ್ ನಾನು."